ಬೆಳಗಿನ ಆರಕ್ಕೆ ಕೆಡುವ ಇಪ್ಪತ್ತನಾಲ್ಕು ಪೆಟ್ಟಿಗೆಗಳು

ಊರು ಇನ್ನೂ ಹೊದಿಕೆ ಸರಿಸಿಲ್ಲ. ಶಿಕ್ಷಕರ ತರಬೇತಿ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಉದ್ದನೆಯ ಮೇಜಿನ ಮೇಲೆ ಇಪ್ಪತ್ತನಾಲ್ಕು ಮರದ ಪೆಟ್ಟಿಗೆಗಳು, ತುತ್ತಿಗೆ ಕಾಯುವ ಹಕ್ಕಿಮರಿಗಳ ಹಾಗೆ ಬಾಯಿ ತೆರೆದುಕೊಂಡು ಸಾಲಾಗಿ ಕೂತಿವೆ. ಅವುಗಳ ಮುಂದೆ ಐವತ್ನಾಲ್ಕರ ಹೆಂಗಸು. ಮೂಗಿನ ತುದಿಗೆ ಜಾರಿದ ಕನ್ನಡಕ, ನಾಲ್ಕು ಜೇಬಿನ ಏಪ್ರನ್, ಕೈಯಲ್ಲೊಂದು ಪುಟ್ಟ ಸೀಸೆ. ಸೀಸೆಯಲ್ಲಿರುವುದು ಉಗುರಿಗೆ ಹಚ್ಚುವ ಬಣ್ಣ, ಅದೂ ನೀರಿನಂತೆ ಬಣ್ಣವೇ ಇಲ್ಲದ್ದು. ಅವರು ಅದನ್ನು ಉಗುರಿಗೆ ಹಚ್ಚಿಕೊಳ್ಳುವುದಿಲ್ಲ. ಮೊದಲ ಪೆಟ್ಟಿಗೆಯೊಳಗಿನ ತಾಮ್ರದ ತಂತಿಯ ತುದಿಗೆ ಸಾಸಿವೆಯಷ್ಟು ಹಚ್ಚಿ, ಬಾಯಿಂದ ಊದಿ ಒಣಗಿಸಿ, ತಂತಿಯನ್ನು ಸ್ಕ್ರೂ ಕೆಳಗೆ ಮೊದಲಿನಂತೆಯೇ ಸಿಕ್ಕಿಸುತ್ತಾರೆ.

ಪೆಟ್ಟಿಗೆಯ ಪಕ್ಕದಲ್ಲಿರುವ ಹಿಡಿಯನ್ನು ತಿರುಗಿಸುತ್ತಾರೆ. ಒಳಗಿನ ಪುಟ್ಟ ಡೈನಮೊ ಗುಂಯ್‌ಗುಟ್ಟುತ್ತದೆ. ದೀಪ ಉರಿಯುವುದಿಲ್ಲ.

"ಆಯ್ತು. ಇದು ಚೆನ್ನಾಗಿ ಕೆಟ್ಟಿದೆ," ಎಂದು ಮುಂದಿನದಕ್ಕೆ ಕೈಹಾಕುತ್ತಾರೆ.

ಎರಡನೆಯದರಲ್ಲಿ ಬಲ್ಬನ್ನು ಅರ್ಧ ಸುತ್ತು ಸಡಿಲಿಸುತ್ತಾರೆ. ಮೂರನೆಯದರಲ್ಲಿ ಸ್ಕ್ರೂ ತಾಮ್ರವನ್ನು ಬಿಟ್ಟು ಅದರ ಮೇಲಿನ ಪ್ಲಾಸ್ಟಿಕ್ ಸಿಪ್ಪೆಯನ್ನು ಕಚ್ಚಿಕೊಳ್ಳುವ ಹಾಗೆ ಬಿಗಿಯುತ್ತಾರೆ. ನಾಲ್ಕನೆಯದಕ್ಕೆ ಹಾಕುವ ತಂತಿ ಹೊರಗಿನಿಂದ ನೋಡಿದರೆ ಸಾಣೆ ಹಿಡಿದಷ್ಟು ಚೆಂದ, ಒಳಗೆ ತುಂಡಾಗಿದೆ. ಒಂಬತ್ತನೆಯ ಪೆಟ್ಟಿಗೆಯನ್ನು ಮಾತ್ರ ಐದೇ ಸೆಕೆಂಡಿನಲ್ಲಿ ಮುಗಿಸಿ, ಮುಸಿಮುಸಿ ನಗುತ್ತಾರೆ. ಇದಕ್ಕೇನು ಮಾಡಿದಿರಿ ಅಂತ ಕೇಳಿದರೆ, "ಇದು ನನ್ನ ಮುದ್ದಿನ ಮಗು. ಆಮೇಲೆ ಹೇಳ್ತೀನಿ" ಅನ್ನುತ್ತಾರೆ.

ಏಳು ಗಂಟೆಯ ಹೊತ್ತಿಗೆ ಇಪ್ಪತ್ತನಾಲ್ಕೂ ಕೆಟ್ಟಿರುತ್ತವೆ. ಒಂಬತ್ತಕ್ಕೆ ನಲವತ್ತೆಂಟು ಶಿಕ್ಷಕರು ಬರುತ್ತಾರೆ, ಇಬ್ಬರಿಗೆ ಒಂದರಂತೆ ಪೆಟ್ಟಿಗೆ. ಸಂಜೆ ಅವರು ಹೊರಡುವ ಹೊತ್ತಿಗೆ ಇಪ್ಪತ್ತನಾಲ್ಕೂ ಉರಿಯುತ್ತಿರುತ್ತವೆ. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಇವರು ಬಂದು ಬೇರೆ ಥರ ಕೆಡಿಸುತ್ತಾರೆ. ಹನ್ನೊಂದು ವರ್ಷದಿಂದ ಇದೇ ನಡೆದುಕೊಂಡು ಬಂದಿದೆ. ಕಾಗದದ ಮೇಲೆ ಇವರು ಪ್ರಯೋಗಾಲಯದ ಅಟೆಂಡರ್. ಶಿಕ್ಷಕರ ಬಾಯಲ್ಲಿ 'ಕೆಡಿಸೋ ಅಕ್ಕ'.

ಈ ಪೆಟ್ಟಿಗೆಗಳನ್ನು ಬರುವ ಶನಿವಾರ ಗುಜರಿಗೆ ಹಾಕುತ್ತಾರೆ. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಮೊದಲು ಅಕ್ಕನ ಕಥೆ ಕೇಳಿ, ಕಾರಣ ಆಮೇಲೆ.

ಅಕ್ಕನ ಅಪ್ಪ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಫ್ಯಾನು, ನೀರೆತ್ತುವ ಪಂಪು, ಮಿಕ್ಸಿ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಮಗಳ ಬೆರಳು ಸಣ್ಣವು, ಇಕ್ಕಟ್ಟಿನ ಸಂದಿಗೂ ತೂರುತ್ತಿದ್ದವು. ಎಂಟನೇ ವಯಸ್ಸಿಗೇ ಸುತ್ತು ಎಣಿಸುತ್ತಾ ತಂತಿ ಸುತ್ತಿದ ಹುಡುಗಿ.

"ಅಪ್ಪ ಯಾವತ್ತೂ ಇಂಥಲ್ಲಿ ಕೆಟ್ಟಿದೆ ಅಂತ ಹೇಳ್ತಿರ್ಲಿಲ್ಲ. ಕೇಳು, ಮೂಸು, ಮುಟ್ಟಿ ನೋಡು ಅಂತಿದ್ರು. ಹೇಳ್ಬಿಡಿ ಅಪ್ಪ, ಹಸಿವಾಗ್ತಿದೆ ಅಂದ್ರೆ, 'ನಾನು ಹೇಳಿದ್ರೆ ಅದು ನನ್ನ ರಿಪೇರಿ. ನೀನು ಹುಡುಕಿದ್ರೆ ನಿಂದು' ಅನ್ನೋರು. ಹಸಿವು ಮರ್ತೇ ಹೋಗ್ತಿತ್ತು."

ಅದೇ ಹುಡುಗಿ ಶಾಲೆಯಲ್ಲಿ ವಿಜ್ಞಾನದಲ್ಲಿ ಫೇಲಾದಳು. ಪ್ರಯೋಗಾಲಯದ ಸಾಮಾನೆಲ್ಲ ಗಾಜಿನ ಬೀರುವಿನೊಳಗೆ. ಬೀರುವಿಗೆ ಬೀಗ, ಬೀಗದ ಕೈ ಹೆಡ್ಮಾಸ್ಟರ ಜೇಬಿನಲ್ಲಿ. ಗಾಜಿಗೆ ಮೂಗೊತ್ತಿ ನೋಡಬಹುದಿತ್ತು, ಅಷ್ಟೆ. ಪರೀಕ್ಷೆಯಲ್ಲಿ ಡೈನಮೊದ ಚಿತ್ರ ಬರೆಯಿರಿ ಅಂತ ಕೇಳಿದ್ದರು. ದಿನಾ ಸಂಜೆ ಬಿಚ್ಚಿ ಜೋಡಿಸುತ್ತಿದ್ದದ್ದನ್ನು ಹುಡುಗಿ ತಾನು ಕಂಡ ಹಾಗೆ ಬರೆದಳು, ಸವೆದ ಕಡೆ ಸವೆದ ಹಾಗೆ. ಪೇಪರು ವಾಪಸು ಬಂದಾಗ ಚಿತ್ರದ ಮೇಲೆ ಕೆಂಪು ಗೀಟು. ಪಕ್ಕದಲ್ಲಿ, 'ಪುಸ್ತಕದಲ್ಲಿ ಹೀಗಿಲ್ಲ.'

"ಈಗ್ಲೂ ಆ ಕೆಂಪು ಗೀಟು ಕಣ್ಣಿಗೆ ಕಟ್ಟಿದ ಹಾಗಿದೆ," ಅನ್ನುತ್ತಾರೆ ಅಕ್ಕ. ನಗುತ್ತಲೇ ಅನ್ನುತ್ತಾರೆ. ಆದರೆ ಕೈಯಲ್ಲಿದ್ದ ಸ್ಕ್ರೂ ಅದೇ ಹೊತ್ತಿಗೆ ಒಂದು ಸುತ್ತು ಹೆಚ್ಚೇ ಬಿಗಿಯಾಗುತ್ತದೆ.

ಅಟೆಂಡರ್ ಕೆಲಸ ಸಿಕ್ಕಿದಾಗ ಕೇಂದ್ರದಲ್ಲಿ 'ಶಕ್ತಿ ಪಾಠ'ದ ತರಬೇತಿ ಆಗಷ್ಟೇ ಶುರುವಾಗಿತ್ತು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು ಮೂರು ದಿನ ಬಂದು, ಕೈಯಾರೆ ವಿದ್ಯುತ್ ಹುಟ್ಟಿಸಿ, ಅದು ಬೆಳಕಾಗುವುದನ್ನು, ಬಿಸಿಯಾಗುವುದನ್ನು, ಫ್ಯಾನಿನ ಗಾಳಿಯಾಗುವುದನ್ನು ನೋಡಿ, ಹಾಗೆಯೇ ಮಕ್ಕಳಿಗೆ ಕಲಿಸಲಿ ಎಂಬುದು ಉದ್ದೇಶ. ಇಲಾಖೆ ಕಳಿಸಿದ ಪೆಟ್ಟಿಗೆಗಳ ಹಿಡಿ ಒಂದೇ ವರ್ಷಕ್ಕೆ ಮುರಿದುಬಿದ್ದವು. ಅಕ್ಕ ಹೊಸದಾಗಿ ಮರದ ಪೆಟ್ಟಿಗೆ ಮಾಡಿಸಿ, ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದರು. ಹಿಡಿಯ ತುದಿಗೆ ದಾರದ ರೀಲು ಹಾಕಿದರು. ಅಕ್ಕನ ಗಂಡ ದರ್ಜಿ, ಮನೆಯಲ್ಲಿ ಖಾಲಿ ರೀಲುಗಳಿಗೇನು ಬರ!

ಆದರೆ ಎಲ್ಲ ಸರಿಯಿದ್ದ ಪೆಟ್ಟಿಗೆಗಳಿಂದ ಪಾಠ ಮಾತ್ರ ಆಗುತ್ತಿರಲಿಲ್ಲ. "ನಾಲ್ಕು ನಿಮಿಷ. ತಿರುಗಿಸೋರು, ದೀಪ ಹತ್ತೋದು, 'ಹ್ಞೂಂ, ಆಯ್ತು' ಅನ್ನೋರು, ಮೊಬೈಲ್ ತೆಗೆಯೋರು. ಆಮೇಲೆ ಟೀ ಯಾವಾಗ ಅಂತ ನನ್ನ ಮುಖ ನೋಡೋರು."

ಒಂದು ದಿನ ಒಂದು ಪೆಟ್ಟಿಗೆಯಲ್ಲಿ ತಂತಿ ತಾನಾಗಿಯೇ ಕಿತ್ತುಬಂದಿತ್ತು. ಅದು ಸಿಕ್ಕಿದ ಇಬ್ಬರು ಮೇಷ್ಟ್ರುಗಳು ಒಂದು ಗಂಟೆ ತಲೆ ಎತ್ತಲಿಲ್ಲ. ಜಗಳವಾಡಿದರು, ಒಬ್ಬರನ್ನೊಬ್ಬರು ಬೈದುಕೊಂಡರು, ಟೀ ಬಂದು ಆರಿ ಕೆನೆಗಟ್ಟಿತು. ಕೊನೆಗೆ ದೀಪ ಹತ್ತಿದಾಗ ಅವರು ಹಾಕಿದ ಕೇಕೆಗೆ ಪಕ್ಕದ ಕೋಣೆಯವರು ಏನು ಅನಾಹುತವೋ ಅಂತ ಓಡಿ ಬಂದರು. ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡಿದ ಅಕ್ಕ ಮರುದಿನ ಬೆಳಗ್ಗೆ ಆರಕ್ಕೇ ಬಂದರು. ಅಂದಿನ ತರಬೇತಿಯ ಮೇಷ್ಟ್ರು ವಿಷಯ ಕೇಳಿ, "ಕೆಡಿಸಮ್ಮ, ಚೆನ್ನಾಗಿ ಕೆಡಿಸು. ನಾನು ನೋಡಿಲ್ಲ ಅಂದ್ಕೋ" ಅಂದರಂತೆ. ಎರಡು ವರ್ಷದ ಹಿಂದೆ ಅವರು ನಿವೃತ್ತರಾದರು. ಆ ಮಾತು ಮಾತಾಗಿಯೇ ಉಳಿಯಿತು, ಯಾವ ಫೈಲಿಗೂ ಏರಲಿಲ್ಲ.

ಕೆಡಿಸುವುದಕ್ಕೂ ಅಕ್ಕನದೊಂದು ಮರ್ಯಾದೆಯಿದೆ. ಮೊದಲ ದಿನ ಒಂದು ಪೆಟ್ಟಿಗೆಗೆ ಒಂದೇ ತಪ್ಪು. ಮೂರನೇ ದಿನ ಎರಡು. ಮತ್ತೆ ಸರಿಮಾಡಲಾಗದ ಹಾಗೆ ಯಾವುದನ್ನೂ ಕೆಡಿಸಬಾರದು. ಎಲ್ಲಿ ಕೆಟ್ಟಿದೆ ಅಂತ ಯಾರು ಎಷ್ಟು ಗೋಗರೆದರೂ ಬಾಯಿ ಬಿಡಬಾರದು. ಯಾವ ತಪ್ಪು ಯಾರಿಗೆ ಎಷ್ಟು ನಿಮಿಷಕ್ಕೆ ಸಿಕ್ಕಿತು ಅಂತ ಬರೆದಿಟ್ಟ ನೋಟ್‌ಬುಕ್ಕುಗಳೇ ಹದಿನಾಲ್ಕಿವೆ. ಇದುವರೆಗೆ ಈ ಮೇಜಿಗೆ ಬಂದುಹೋದ ಶಿಕ್ಷಕರು ಒಂಬತ್ತು ಸಾವಿರಕ್ಕೂ ಹೆಚ್ಚು.

ತರಬೇತಿ ಮುಗಿಸಿದ ಶಿಕ್ಷಕರು ಸರದಿಯಂತೆ ವಾರದ ಮಟ್ಟಿಗೆ ಪೆಟ್ಟಿಗೆಯನ್ನು ಶಾಲೆಗೂ ಒಯ್ಯುತ್ತಾರೆ. ಅಲ್ಲಿ ಮಕ್ಕಳು ಅಕ್ಕನಿಗೆ ತಿರುಮಂತ್ರ ಹಾಕುತ್ತಾರೆ. ತಾವೇ ಹೊಸದೊಂದು ತಪ್ಪು ಹೂಡಿ, 'ಕಂಡುಹಿಡಿ ಅಕ್ಕಾ' ಅಂತ ಚೀಟಿ ಇಟ್ಟು ವಾಪಸು ಕಳಿಸುತ್ತಾರೆ. "ಒಂದು ಹುಡುಗಿ ಹೂಡಿದ್ದು ಎರಡು ದಿನ ಸಿಕ್ಕಿರ್ಲಿಲ್ಲ ನನಗೆ. ತಂತಿ ತುದಿಗೆ ತನ್ನ ಕೂದಲು ಸುತ್ತಿ ಇಟ್ಟಿದ್ಳು ಕಳ್ಳಿ! ನಮ್ಮಪ್ಪ ಇದ್ದಿದ್ರೆ ಅವಳನ್ನ ಅಂಗಡೀಲೇ ಕೂರಿಸ್ಕೊಳ್ತಿದ್ರು."

ಒಂಬತ್ತು ಗಂಟೆ. ಶಿಕ್ಷಕರು ಬರುತ್ತಾರೆ. ಹೊಸ ಸಾಮಾನು ಇನ್ನೂ ಬಂದಿಲ್ಲವಾದ್ದರಿಂದ, ಕಾಗದದ ಮೇಲೆ ಆಗಲೇ ಸತ್ತಿರುವ ಈ ಪೆಟ್ಟಿಗೆಗಳಿಂದಲೇ ಕೊನೆಯ ತಂಡದ ತರಬೇತಿ ನಡೆಯುತ್ತಿದೆ.

ನಿವೃತ್ತಿಗೆ ವರ್ಷವಿರುವ ಒಬ್ಬ ಟೀಚರಮ್ಮ ಹಿಡಿ ಮುಟ್ಟಲೂ ಹಿಂದೆಮುಂದೆ ನೋಡುತ್ತಿದ್ದಾರೆ. "ಶಾಕ್ ಹೊಡೆದ್ರೆ?"

"ನೀವು ತಿರುಗಿಸಿದಷ್ಟೇ ಕರೆಂಟು ಮೇಡಂ. ನಿಮ್ಮ ಕೈ ನಿಮಗೇ ಹೊಡೆಯುತ್ತಾ?" ಅಕ್ಕ ಕೇಳುತ್ತಾರೆ.

"ನಮ್ಮ ಮನೆಯವರನ್ನ ಕೇಳಿ ನನ್ನ ಕೈ ಹೇಗೆ ಅಂತ," ಅನ್ನುತ್ತಾರೆ ಟೀಚರಮ್ಮ. ಕೋಣೆ ನಗುತ್ತದೆ. ಅವರು ತಿರುಗಿಸುತ್ತಾರೆ. ದೀಪ ಇಲ್ಲ. ಜೊತೆಯ ಮೇಷ್ಟ್ರು, "ಕೆಟ್ಟಿದೆ, ಬೇರೆ ಕೊಡಿ ಅಕ್ಕ" ಅನ್ನುತ್ತಾರೆ. ಅಕ್ಕ ಕೇಳಿಸದವರಂತೆ ಕಿಟಕಿ ಒರೆಸುತ್ತಾರೆ.

ಟೀಚರಮ್ಮ ಒಂದೊಂದೇ ಸ್ಕ್ರೂ ಬಿಚ್ಚುತ್ತಾರೆ. ತಂತಿಯ ತುದಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಏನೋ ಹೊಳೆಯುತ್ತದೆ. ಉಗುರಿನಿಂದ ಕೆರೆಯುತ್ತಾರೆ, ಸಿಪ್ಪೆ ಏಳುತ್ತದೆ, ಜೋಡಿಸಿ ತಿರುಗಿಸುತ್ತಾರೆ. ದೀಪ ಹತ್ತುತ್ತದೆ. ಇಪ್ಪತ್ತಾರು ನಿಮಿಷ. ಆದರೆ ಅವರು ದೀಪ ನೋಡುತ್ತಿಲ್ಲ, ತಮ್ಮ ಕೈ ನೋಡಿಕೊಳ್ಳುತ್ತಿದ್ದಾರೆ.

"ಭಾರ ಆಯ್ತಲ್ಲ ಇದು! ಆಗ ಹಗುರ ಇತ್ತು. ದೀಪ ಹತ್ತಿದ ತಕ್ಷಣ ಭಾರ ಆಯ್ತು!"

ಅಕ್ಕ ಆಗ ಮಾತ್ರ ಹತ್ತಿರ ಬರುತ್ತಾರೆ. "ಬೆಳಕು ಪುಕ್ಕಟೆ ಬರಲ್ಲ ಮೇಡಂ. ನಿಮ್ಮ ಮಣಿಕಟ್ಟು ಕೊಡ್ತಾ ಇದೆ, ಬಲ್ಬು ತಿಂತಾ ಇದೆ. ಹಿಡಿ ಹಗುರವಾಗಿ ತಿರುಗ್ತು ಅಂದ್ರೆ ಎಲ್ಲೋ ದಾರಿ ಕಡಿದಿದೆ. ಭಾರವಾಗಿದ್ದೂ ದೀಪ ಇಲ್ಲ ಅಂದ್ರೆ, ಕರೆಂಟು ಬಲ್ಬಿಗೆ ಹೋಗ್ದೆ ಅಡ್ಡದಾರಿ ಹಿಡಿದಿದೆ. ಕಣ್ಣಿಗಿಂತ ಮೊದ್ಲು ಕೈ ಹೇಳುತ್ತೆ."

ಟೀಚರಮ್ಮ ಕುರ್ಚಿಗೆ ಒರಗುತ್ತಾರೆ. "ಇಪ್ಪತ್ತೆಂಟು ವರ್ಷದಿಂದ ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲಾಗದು ಅಂತ ಬೋರ್ಡ್ ಮೇಲೆ ಬರೆದಿದ್ದೀನಿ ಕಣಮ್ಮ. ಇವತ್ತು ಗೊತ್ತಾಯ್ತು ನಾನು ಏನು ಬರೀತಿದ್ದೆ ಅಂತ."

ಈಗ ಆ ಕಾರಣ ಕೇಳಿ.

ಎರಡು ತಿಂಗಳ ಹಿಂದೆ, ಬೆಳಗ್ಗೆ ಎಂಟೂವರೆಗೆ, ಮುನ್ಸೂಚನೆಯಿಲ್ಲದೆ ತಪಾಸಣೆಯ ಅಧಿಕಾರಿಯೊಬ್ಬರು ಬಂದರು. ಅಕ್ಕ ಎಲ್ಲ ಕೆಡಿಸಿ ಮುಗಿಸಿದ್ದರು, ಶಿಕ್ಷಕರು ಇನ್ನೂ ಬಂದಿರಲಿಲ್ಲ. ಸಾಹೇಬರು ಮೊದಲ ಪೆಟ್ಟಿಗೆಯ ಹಿಡಿ ತಿರುಗಿಸಿದರು. ದೀಪ ಇಲ್ಲ. ಎರಡನೆಯದು. ಇಲ್ಲ. ಇಪ್ಪತ್ತನಾಲ್ಕನ್ನೂ ತಿರುಗಿಸಿದರು. ಒಂದೂ ಉರಿಯಲಿಲ್ಲ.

"ನಾನು ಬಾಗಿಲ ಹತ್ರಾನೇ ನಿಂತಿದ್ದೆ. 'ಸಾರ್, ಅದು ಏನಂದ್ರೆ' ಅಂತ ಬಾಯಿ ತೆಗೆದೆ. 'ಕುಡಿಯಕ್ಕೆ ನೀರು ತನ್ನಿ' ಅಂದ್ರು. ತಂದೆ. ಲೋಟ ಮೇಜಿನ ಮೇಲೆ ಇಡೋ ಹೊತ್ತಿಗೆ ಬರೆದಾಗಿತ್ತು."

ಬರೆದದ್ದು ಇಷ್ಟು: 'ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ನಿರುಪಯುಕ್ತ. ನಿರ್ವಹಣೆಯಲ್ಲಿ ತೀವ್ರ ನಿರ್ಲಕ್ಷ್ಯ. ವಿಲೇವಾರಿ ಮಾಡತಕ್ಕದ್ದು.'

ಒಂದೋ ಎರಡೋ ಕೆಟ್ಟಿದ್ದರೆ ಅದು ಸಹಜ. ಇಪ್ಪತ್ತನಾಲ್ಕೂ ಒಟ್ಟಿಗೆ, ಇಪ್ಪತ್ತನಾಲ್ಕು ಥರ ಕೆಟ್ಟಿವೆ ಎಂದರೆ ಇದರಲ್ಲೇನೋ ಇದೆ ಅಂತ ಸಣ್ಣ ಮಗುವಿಗೂ ಅನ್ನಿಸುತ್ತದೆ. ಎದುರಿಗೆ ನಿಂತ ಹೆಂಗಸನ್ನು 'ಯಾಕಮ್ಮ ಹೀಗೆ?' ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೈಯಲ್ಲಿ ನೀರಿನ ಲೋಟ ಹಿಡಿದವರಿಗೆ ವಿಜ್ಞಾನ ಗೊತ್ತಿರಬಹುದು ಎಂಬುದು ಅವರ ಕನಸಿಗೂ ಬರಲಿಲ್ಲ.

ಅಂದಿನ ತರಬೇತಿ ನಿಂತೇಹೋಯಿತು. ಮಾರನೆಯ ದಿನ ಅಕ್ಕ ಇಪ್ಪತ್ತನಾಲ್ಕನ್ನೂ ಮುಕ್ಕಾಲು ಗಂಟೆಯಲ್ಲಿ ಸರಿಮಾಡಿ, ಕೇಂದ್ರದ ಮುಖ್ಯಸ್ಥರನ್ನು ಕರೆದು ಒಂದೊಂದಾಗಿ ಉರಿಸಿ ತೋರಿಸಿದರು. ಮುಖ್ಯಸ್ಥರು ಒಳ್ಳೆಯವರೇ. ಉರಿಯುವ ದೀಪಗಳನ್ನು ನೋಡಿ ಬೆವೆತರಂತೆ. "ಉರಿಸ್ಬೇಡಿ ಅಮ್ಮ, ದಮ್ಮಯ್ಯ! ಈಗ ಇವು ಉರಿದ್ರೆ ಸಾಹೇಬ್ರ ವರದಿ ಸುಳ್ಳಾಗುತ್ತೆ. ಮೊದ್ಲಿನ ಹಾಗೇ ಇಟ್ಟುಬಿಡಿ."

ಓದಿ, ಇನ್ನೊಮ್ಮೆ ಓದಿ. ವರದಿ ನಿಜವಾಗಿ ಉಳಿಯಬೇಕು, ಅದಕ್ಕೆ ದೀಪ ಆರಿರಬೇಕು. ವಿಜ್ಞಾನ ಕಲಿಸುವ ಮನೆಯಲ್ಲಿ ಆಡಿದ ಮಾತು ಇದು.

ಬದಲಿಗೆ ಬರಲಿರುವ ಹೊಸ ಪೆಟ್ಟಿಗೆಯ ಮಾದರಿಯೊಂದು ಮುಖ್ಯಸ್ಥರ ಕೋಣೆಯ ಗಾಜಿನ ಬೀರುವಿನಲ್ಲಿದೆ. ಬಿಳಿ ಪ್ಲಾಸ್ಟಿಕ್ಕು, ಸುತ್ತಲೂ ಅಂಟು ಹಾಕಿ ಮುಚ್ಚಿದ್ದು. ಒಂದು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ತಿರುಗಿಸಲು ಹಿಡಿಯಿಲ್ಲ, ಬಿಚ್ಚಲು ಸ್ಕ್ರೂ ಇಲ್ಲ. ಕೆಳಗೊಂದು ಚೀಟಿ: 'ತೆರೆದಲ್ಲಿ ಗ್ಯಾರಂಟಿ ಅನ್ವಯಿಸುವುದಿಲ್ಲ.' ನನ್ನಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಅರಮನೆಗೆ ಏಳು ಕೋಣೆ. ಆರನ್ನು ನೋಡು, ಏಳನೆಯದರ ಬಾಗಿಲು ಮಾತ್ರ ತೆಗೆಯಬೇಡ ಅಂತ ರಾಜ ಹೇಳಿಯೇ ಹೋಗುತ್ತಿದ್ದ. ರಾಜಕುಮಾರಿ ಅದನ್ನೇ ತೆಗೆಯುತ್ತಿದ್ದಳು. ತೆಗೆಯದೆ ಸುಮ್ಮನಿದ್ದರೆ ಏನಾಗ್ತಿತ್ತಜ್ಜಿ ಅಂತ ಕೇಳಿದರೆ, "ಏನಾಗ್ತಿತ್ತು? ಕಥೆ ಅಲ್ಲಿಗೇ ಮುಗೀತಿತ್ತು, ನೀನು ಮಲಗ್ತಿದ್ದೆ" ಅನ್ನುತ್ತಿದ್ದಳು. ನಮ್ಮ ಮಕ್ಕಳ ಕೈಗೆ ಈಗ ಕೊಡಹೊರಟಿರುವುದು ಏಳೂ ಬಾಗಿಲಿಗೆ ಅಂಟು ಹಾಕಿದ ಅರಮನೆ.

ಅಕ್ಕನ ಮನೆ ಕೇಂದ್ರದಿಂದ ಹತ್ತು ನಿಮಿಷದ ದಾರಿ. ಮುಂದಿನ ಕೋಣೆ ಪೂರ್ತಿ ಗಂಡನ ಹೊಲಿಗೆ ಯಂತ್ರದ್ದು. "ನಾನು ಹೊಲಿಯೋನು, ಇವಳು ಬಿಚ್ಚೋಳು. ಮೂವತ್ತು ವರ್ಷದಿಂದ ಹೇಗೋ ಸರಿದೂಗ್ತಿದೆ," ಅನ್ನುತ್ತಾರೆ ಅವರು, ಕಾಲು ನಿಲ್ಲಿಸದೆ. ಒಳಗಿನಿಂದ ಅತ್ತೆಯ ದನಿ: "ಬೆಳಗಾಗೆದ್ದು ಕೆಡಿಸಕ್ಕೆ ಹೋಗ್ತಾಳೆ ನನ್ನ ಸೊಸೆ. ಅದಕ್ಕೆ ಸಂಬಳ ಬೇರೆ!" ಹೇಳಿ, ತಾನೇ ನಕ್ಕು, ಆಮೇಲೆ ದನಿ ತಗ್ಗಿಸುತ್ತಾರೆ. "ಎರಡು ತಿಂಗಳಾಯ್ತು, ಸರಿಯಾಗಿ ಉಣ್ಣಲ್ಲ. ನೀವಾದ್ರೂ ಹೇಳಿ."

ಅಕ್ಕ ಖಾಲಿ ರೀಲುಗಳನ್ನು ಡಬ್ಬಿಗೆ ತುಂಬುತ್ತಾರೆ. "ನನ್ನ ಹೆಸರಿಗೆ ಮಸಿ ಬಳಿದ್ರು ಅಂತ ಬೇಜಾರಿಲ್ಲ. ನಾನು ಕೆಡಿಸಿದ್ದು ನಿಜಾನೇ. ಆದ್ರೆ ನಿರ್ಲಕ್ಷ್ಯ ಅಂತ ಬರೆದ್ರಲ್ಲ. ನಿರ್ಲಕ್ಷ್ಯದಿಂದ ಯಾರಾದ್ರೂ ಬೆಳಗ್ಗೆ ಆರಕ್ಕೆ ಬರ್ತಾರಾ?"

ಈ ವಾರ ಇನ್ನೊಂದು ಕಾಗದ ಬಂತು. ಗುಜರಿಗೆ ಹಾಕುವ ಮುಂಚೆ ಪ್ರತಿ ಪೆಟ್ಟಿಗೆಯ ಮುಂದೆ 'ದೋಷದ ವಿವರ' ಬರೆಯಬೇಕು. ಶನಿವಾರ ತಪಾಸಣೆಯ ಅಧಿಕಾರಿಯೇ ಬಂದು, ಪೆಟ್ಟಿಗೆಗಳ ಎದುರಿಗೇ ಆ ಪಟ್ಟಿಗೆ ಸಹಿ ಹಾಕಬೇಕು. ನಿರುಪಯುಕ್ತ ಎಂದು ಬರೆದವರಿಗೆ ದೋಷ ಏನೆಂದು ಗೊತ್ತಿಲ್ಲ. ಕಚೇರಿಯ ಗುಮಾಸ್ತರಿಗೂ ಗೊತ್ತಿಲ್ಲ. ಅವರು ತಲೆ ಕೆರೆದುಕೊಳ್ಳುತ್ತಾ ಅಕ್ಕನ ಹತ್ತಿರವೇ ಬಂದರು. "ಅಕ್ಕ, ಏನೇನು ಕೆಟ್ಟಿದೆ ಅಂತ ನೀವೇ ಒಂದ್ಚೂರು ಬರ್ಕೊಡಿ. ನಿಮ್ಮನ್ನ ಬಿಟ್ರೆ ಯಾರಿಗೂ ಆಗಲ್ಲ."

ಶುಕ್ರವಾರ ಸಂಜೆ. ಕೊನೆಯ ತಂಡ ಹೊರಟುಹೋಗಿದೆ. ಮುಖ್ಯಸ್ಥರ ಮಾತಿನಂತೆ ಅಕ್ಕ ಎಲ್ಲವನ್ನೂ ಮತ್ತೆ ಕೆಡಿಸಿಟ್ಟು ಬರೆಯಲು ಕೂರುತ್ತಾರೆ. ಗುಂಡು ಗುಂಡಾದ ಅಕ್ಷರ. 'ಪೆಟ್ಟಿಗೆ ಒಂದು: ತಂತಿಯ ತುದಿಗೆ ಉಗುರುಬಣ್ಣ ಹಚ್ಚಿದೆ. ಹಚ್ಚಿದವಳು ನಾನು. ಕೆರೆದರೆ ಉರಿಯುತ್ತದೆ. ಒಬ್ಬ ಟೀಚರಮ್ಮ ಇಪ್ಪತ್ತಾರು ನಿಮಿಷಕ್ಕೆ ಕಂಡುಹಿಡಿದಿದ್ದಾರೆ. ಪೆಟ್ಟಿಗೆ ಎರಡು: ಬಲ್ಬು ಅರ್ಧ ಸುತ್ತು ಸಡಿಲ. ಬಿಗಿದರೆ ಉರಿಯುತ್ತದೆ.' ಹೀಗೇ ಇಳಿಯುತ್ತಾ ಹೋಗುತ್ತದೆ. ಬಗ್ಗಿ ಓದುತ್ತಿದ್ದ ಗುಮಾಸ್ತರ ಬೆರಳು ಒಂಬತ್ತನೆಯ ಸಾಲಿನಲ್ಲಿ ನಿಲ್ಲುತ್ತದೆ.

'ಪೆಟ್ಟಿಗೆ ಒಂಬತ್ತು: ದೋಷವಿಲ್ಲ. ಎಡಕ್ಕೆ ತಿರುಗಿಸಿ.'

"ಇದೇನಕ್ಕ?"

"ಇದರಲ್ಲಿರೋದು ಎಲ್‌ಇಡಿ. ಅದಕ್ಕೆ ಕರೆಂಟು ಒಂದೇ ಕಡೆಯಿಂದ ಬರ್ಬೇಕು. ನಾನು ಅದರ ಎರಡು ಕಾಲು ಅದಲು ಬದಲು ಮಾಡಿದ್ದೀನಿ, ಅಷ್ಟೆ. ಬಿಚ್ಚೋದೇ ಬೇಡ, ಹಿಡಿಯನ್ನ ಆ ಕಡೆಗೆ ತಿರುಗಿಸಿದ್ರೆ ಹತ್ಕೊಳ್ಳುತ್ತೆ. ಆದ್ರೆ ಎಲ್ಲರೂ ಬಲಕ್ಕೇ ತಿರುಗಿಸ್ತಾರೆ. ಹತ್ತಲಿಲ್ಲ ಅಂದ್ರೆ ಇನ್ನೂ ಜೋರಾಗಿ ಬಲಕ್ಕೇ ತಿರುಗಿಸ್ತಾರೆ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಎಡಗೈಯವರೊಬ್ಬರಿಗೆ ಮಾತ್ರ ಎರಡೇ ಸೆಕೆಂಡಿಗೆ ಸಿಕ್ತು."

ಗುಮಾಸ್ತರು ಹಣೆ ಒತ್ತಿಕೊಳ್ಳುತ್ತಾರೆ. "ಹೀಗೆಲ್ಲ ಬರೆದ್ರೆ ಪಟ್ಟೀನೇ ವಾಪಸು ಎಸೀತಾರೆ ಅಕ್ಕ."

"ಎಸೀಲಿ ಬಿಡಪ್ಪ. ಎಸೆಯಕ್ಕೆ ಮುಂಚೆ ಓದ್ಬೇಕಲ್ಲ? ಓದಿದೋರು ಕೈ ಸುಮ್ನೆ ಇಟ್ಕೊಳಲ್ಲ, ಒಂದ್ಸಲ ಎಡಕ್ಕೆ ತಿರುಗಿಸೇ ನೋಡ್ತಾರೆ. ಸಾಹೇಬ್ರೂ ಮನುಷ್ಯರೇ ತಾನೆ? ದೀಪ ಹತ್ತಿದಾಗ ಕೈಗೆ ಭಾರ ತಗಲುತ್ತಲ್ಲ, ಅದು ಅವರಿಗೂ ಒಂದ್ಸಲ ತಗಲ್ಲಿ. ನನಗೆ ಅಷ್ಟು ಸಾಕು."

ಪಟ್ಟಿಯನ್ನು ಮಡಿಸಿ ಗುಮಾಸ್ತರ ಕೈಗಿಡುತ್ತಾರೆ. ಏಪ್ರನ್ ಕಳಚಿ ಗೋಡೆಗೆ ನೇತುಹಾಕುತ್ತಾರೆ. ದೀಪ ಆರಿಸಲು ಹೋದವರು ತಿರುಗಿ ಬಂದು, ಒಂಬತ್ತನೆಯ ಪೆಟ್ಟಿಗೆಯನ್ನು ಸಾಲಿನಿಂದ ಎತ್ತಿ ಮೇಜಿನ ತುದಿಯಲ್ಲಿ, ನಾಳೆ ಸಾಹೇಬರು ಕೂರಲಿರುವ ಕುರ್ಚಿಯ ಎದುರಿಗೆ ಇಡುತ್ತಾರೆ. ದಾರದ ರೀಲಿನ ಆ ಹಿಡಿ ಕುರ್ಚಿಯ ಕಡೆಗೇ ಇರುವಂತೆ ಸರಿಯಾಗಿ ತಿರುಗಿಸಿಟ್ಟು, ಮೇಲಿನ ದೂಳನ್ನು ಅಂಗೈಯಿಂದ ಒರೆಸುತ್ತಾರೆ.